ಸಂಗೀತ ಶಿಕ್ಷಕರಾಗ ಬಯಸುವವರಿಗೆ

ಹಾಡಬಲ್ಲವರೆಲ್ಲರೂ ಹಾಡು ಕಲಿಸಬಲ್ಲವರಲ್ಲ. ಮದರಾಸಿನ ಸಂಗೀತಪ್ರಿಯರು ಇದನ್ನು ಹಿಂದೆಯೇ ಮನಗಂಡಿದ್ದರು. 1928ರಲ್ಲಿ ಹುಟ್ಟಿದ ಮ್ಯೂಸಿಕ್ ಅಕಾಡೆಮಿಯು 1931ರಲ್ಲಿ ಸಂಗೀತ ಶಿಕ್ಷಕರಿಗೆಂದೇ ಒಂದು ಕಾಲೇಜನ್ನು ತೆರೆಯಿತು. ಟೈಗರ್ ವರದಾಚಾರ್ಯರು ಅದರ ಪ್ರಾಂಶುಪಾಲರಾದರು. 1949ರಲ್ಲಿ ಸರಕಾರವೂ ಮುಸಿರಿ ಸುಬ್ರಹ್ಮಣ್ಯ ಅಯ್ಯರ್ ಅವರ ನೇತೃತ್ವದಲ್ಲಿ ಸಂಗೀತ ಕಾಲೇಜೊಂದನ್ನು ಸ್ಥಾಪಿಸಿತು.

ಗುರುವಿನ ಮನೆಯಲ್ಲಿ ಶಿಷ್ಯನ ಶಾರೀರ ನೋಡಿ ಶ್ರುತಿ ಇಡಬಹುದು. ಶಾಲೆಯಲ್ಲಾದರೋ ನಾಲ್ವತ್ತು ಮಕ್ಕಳು, ನಾಲ್ವತ್ತು ಶಾರೀರ. ಗಂಟೆ ಬಾರಿಸಿದರೆ ಪಾಠ ಮುಗಿಯಿತು. ಆದುದರಿಂದ ಶಿಕ್ಷಕರಾಗುವವರು ಕೃತಿಗಳ ಜೊತೆಗೆ ಶಾಸ್ತ್ರವನ್ನೂ, ಸ್ವರಲಿಪಿಯನ್ನೂ, ಪಾಠವನ್ನು ತುತ್ತು ಮಾಡಿ ಕೊಡುವ ಕ್ರಮವನ್ನೂ ಕಲಿಯಬೇಕು.

ಈ ಕ್ರಮಕ್ಕೆ ತಳಹದಿ ಹಾಕಿದವರು ನಮ್ಮ ಪುರಂದರದಾಸರೆಂಬುದು ಸಂಪ್ರದಾಯದ ಮಾತು. ತಮಿಳು ಮಗುವಾಗಲಿ, ತೆಲುಗು ಮಗುವಾಗಲಿ, ಮೊದಲು ಹಾಡುವುದು ಮಾಯಾಮಾಳವಗೌಳದ ಸರಳೆಯನ್ನೇ. ಆ ರಾಗದಲ್ಲಿ ಸರಿಗಮದ ಅಂತರಗಳೇ ಪದನಿಸದಲ್ಲಿಯೂ ಬರುತ್ತವೆ. ಅರ್ಧ ಕಲಿತ ಮಗುವಿಗೆ ಉಳಿದರ್ಧ ಸುಲಭ. ಅನಂತರ ಜಂಟಿವರಸೆ, ಸಪ್ತತಾಳದ ಅಲಂಕಾರ, ಮಲಹರಿಯ ಪಿಳ್ಳಾರಿ ಗೀತೆಗಳು.

ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಹತ್ತು ವರ್ಷ ಸಂಗೀತ ಹೇಳಿಸಿ, ಮದುವೆಯೊಡನೆ ತಂಬೂರಿಗೆ ಗವಸು ತೊಡಿಸುವುದುಂಟು. “ಹಾಡಿನಿಂದ ಹೊಟ್ಟೆ ತುಂಬೀತೆ?” ಎನ್ನುವ ಹಿರಿಯರೂ ಇದ್ದಾರೆ. ಶಿಕ್ಷಕಿಯ ತರಬೇತಿ ಆ ಪ್ರಶ್ನೆಗೆ ಒಂದು ಉತ್ತರ. ಆದರೆ ಅರ್ಜಿಗಳ ನಡುವೆಯೇ ದಿನ ಕಳೆಯುವ ಗುಮಾಸ್ತನಾಗಿ ಒಂದು ಮಾತು ಹೇಳುವೆ: ಕಛೇರಿಗೆ ಕಂಠ ಕೇಳಿಸದು, ಕಾಗದ ಮಾತ್ರ ಕಾಣುವುದು. ಸೇರುವ ಮೊದಲೇ ಆ ಕಾಲೇಜಿನ ಅರ್ಹತಾಪತ್ರವನ್ನು ನೀವಿರುವ ರಾಜ್ಯದ ಶಾಲೆಗಳು ಒಪ್ಪುವುವೆ ಎಂದು ವಿಚಾರಿಸಿರಿ.

ಅದಕ್ಕೂ ಮೊದಲು ನಿಮ್ಮ ಮಗಳು ನೆರೆಮನೆಯ ಕೂಸಿಗೆ ಎರಡು ಸರಳೆ ಹೇಳಿಕೊಡಲಿ. ಹತ್ತನೆಯ ಸಲವೂ ಬೇಸರಿಸದೆ ತಿದ್ದಿದಳಾದರೆ, ಧೈರ್ಯವಾಗಿ ಕಳುಹಿಸಿಕೊಡಿರಿ.