ಕರಡಿಯ ಊಟ ಮತ್ತು ಕರಡಿಯ ಕೋಪ

‘ಶಿವಪೂಜೆಯಲ್ಲಿ ಕರಡಿ ಬಿಟ್ಟಂತೆ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಕರೆಯದೆ ಬಂದು ಕೆಲಸ ಕೆಡಿಸುವವರಿಗೆ ಕರಡಿಯೇ ಉಪಮಾನ. ಆದರೆ ಈ ಪ್ರಾಣಿಯ ಶರೀರರಚನೆಯನ್ನೂ ಆಹಾರಕ್ರಮವನ್ನೂ ಪರಿಶೀಲಿಸಿದರೆ, ಅದರ ಏಕಾಂತಕ್ಕೆ ಭಂಗ ತರುವವರು ಹೆಚ್ಚಾಗಿ ನಾವೇ ಎಂಬುದು ಮನದಟ್ಟಾಗುತ್ತದೆ.

ನಮ್ಮ ನಾಡಿನ ಕರಡಿಗೆ ಒರಟಾದ ಉದ್ದನೆಯ ಕಪ್ಪು ಕೂದಲು, ಎದೆಯ ಮೇಲೊಂದು ಬಿಳುಪಾದ ಪಟ್ಟೆ, ಮುಂಗಾಲುಗಳಲ್ಲಿ ಬಾಗಿದ ನೀಳ ಉಗುರುಗಳು. ಬೆಳೆದ ಗಂಡು ನೂರು ಕಿಲೋಗ್ರಾಂಗೂ ಮಿಗಿಲಾಗಿ ತೂಗುವುದುಂಟು. 1791ರಲ್ಲಿ ಇದಕ್ಕೆ ಶಾಸ್ತ್ರೀಯ ನಾಮವನ್ನಿತ್ತ ಇಂಗ್ಲೆಂಡಿನ ಜಾರ್ಜ್ ಶಾ, ಇದನ್ನು ಮರಗಳಲ್ಲಿ ಜೋತುಬೀಳುವ ಅಮೆರಿಕದ ‘ಸ್ಲಾತ್’ ಪ್ರಾಣಿಯ ಬಂಧುವೆಂದು ಭ್ರಮಿಸಿದನು. ಆ ತಪ್ಪು ‘ಸ್ಲಾತ್ ಬೇರ್’ ಎಂಬ ಇಂಗ್ಲಿಷ್ ಹೆಸರಿನಲ್ಲಿ ಇಂದಿಗೂ ಉಳಿದಿದೆ.

ಗೆದ್ದಲು ಮತ್ತು ಇರುವೆಗಳು ಇದರ ಮುಖ್ಯ ಆಹಾರ. ಉಗುರುಗಳಿಂದ ಹುತ್ತವನ್ನು ಒಡೆದು, ಮೂತಿಯನ್ನು ಒಳಗೆ ತೂರಿಸಿ, ಮೊದಲು ಮಣ್ಣನ್ನು ಊದಿ ತೆಗೆಯುತ್ತದೆ. ಅನಂತರ ಗೆದ್ದಲನ್ನು ಹೀರುತ್ತದೆ. ಧೂಳು ನುಗ್ಗದಂತೆ ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಳ್ಳಬಲ್ಲುದು. ಮೇಲ್ದವಡೆಯ ನಡುವೆ ಎರಡು ಬಾಚಿಹಲ್ಲುಗಳಿಲ್ಲದಿರುವುದೂ ಹೀರುವುದಕ್ಕೆ ಅನುಕೂಲವೇ. ಜೇನು ಇದಕ್ಕೆ ಬಲು ಪ್ರಿಯ. ಬೋರೆ, ನೇರಳೆ, ಅತ್ತಿ, ಕಕ್ಕೆ ಮುಂತಾದ ಹಣ್ಣುಗಳು ಆಯಾ ಋತುವಿನ ಆಹಾರ. ಅವುಗಳ ಬೀಜಗಳು ಮಲದೊಡನೆ ಕಾಡಿನಲ್ಲೆಲ್ಲ ಹರಡುತ್ತವೆ.

ಕರಡಿಯ ಕೋಪದ ಮೂಲವೂ ಈ ಊಟದಲ್ಲಿಯೇ ಇದೆ. ಹುತ್ತದಲ್ಲಿ ಮುಖವಿಟ್ಟು ತನ್ನದೇ ಸದ್ದಿನಲ್ಲಿ ಮಗ್ನವಾದ ಕರಡಿಗೆ ಮನುಷ್ಯನ ಸುಳಿವು ಹತ್ತಿರ ಬರುವವರೆಗೂ ತಿಳಿಯದು; ದೃಷ್ಟಿಯೂ ಮಂದ. ಥಟ್ಟನೆ ಬೆದರಿದಾಗ ಅದು ಓಡುವ ಬದಲು ಎದುರಿಗೇ ಎರಗಬಹುದು. ಬೆನ್ನ ಮೇಲೆ ಮರಿಗಳನ್ನು ಹೊತ್ತ ತಾಯಿಯಂತೂ ಮತ್ತಷ್ಟು ಅಪಾಯಕಾರಿ. ಇದು ಆತ್ಮರಕ್ಷಣೆಯೇ ಹೊರತು ಬೇಟೆಯಲ್ಲ.

ಆದುದರಿಂದ ರಜೆಯಲ್ಲಿ ಬಳ್ಳಾರಿ, ಕೊಪ್ಪಳ, ತುಮಕೂರಿನ ಕಡೆಗೆ ತೆರಳುವ ಬಂಧುಗಳು ಮುಂಜಾವದಲ್ಲಿ, ಮುಸ್ಸಂಜೆಯಲ್ಲಿ ಕಲ್ಲುಗುಡ್ಡ-ಪೊದೆಗಳ ಬಳಿ ಒಂಟಿಯಾಗಿ ಸುಳಿಯಬಾರದು. ಹೋಗಲೇಬೇಕಾದರೆ ಜೊತೆಗೂಡಿ, ಗಟ್ಟಿಯಾಗಿ ಮಾತನಾಡುತ್ತ ಸಾಗಬೇಕು. ಅಕಸ್ಮಾತ್ ಗಾಯವಾದರೆ ರಕ್ತಸ್ರಾವವನ್ನು ತಡೆಯುವುದು ಮೊದಲ ಕೆಲಸ. ಗಾಯಕ್ಕೆ ಅರಿಸಿನ, ಬೂದಿ ಮೆತ್ತಬಾರದು. ಸಣ್ಣ ಗಾಯವನ್ನು ಹದಿನೈದು ನಿಮಿಷ ಸಾಬೂನು ನೀರಿನಿಂದ ತೊಳೆಯಬೇಕು; ದೊಡ್ಡದಾದರೆ ಶುಭ್ರವಾದ ಬಟ್ಟೆಯಿಂದ ಒತ್ತಿ ಹಿಡಿದು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ರೇಬೀಸ್ ಮತ್ತು ಧನುರ್ವಾಯುವಿನ ಚುಚ್ಚುಮದ್ದುಗಳ ವಿಷಯದಲ್ಲಿ ಉದಾಸೀನ ಸಲ್ಲದು.

ಮೂಗುದಾರ ಹಾಕಿ ಬೀದಿಯಲ್ಲಿ ಕುಣಿಸುತ್ತಿದ್ದ ಕರಡಿಯನ್ನು ನಮ್ಮಲ್ಲಿ ಹಿರಿಯರು ಕಂಡವರೇ. ತಾಯಿತಕ್ಕೆಂದು ಅದರ ಕೂದಲನ್ನು ಕೊಂಡವರೂ ಉಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಇಂದು ಅದಕ್ಕೆ ರಕ್ಷಣೆ ನೀಡಿದೆ. ಹಂಪಿಗೆ ಹೋದವರು ಸಮೀಪದ ದರೋಜಿಯಲ್ಲಿ, 1994ರಲ್ಲಿ ಸ್ಥಾಪಿತವಾದ ಕರಡಿಧಾಮವನ್ನು ಮಕ್ಕಳಿಗೆ ತೋರಿಸಬಹುದು. ಅಲ್ಲಿ ಬಂಡೆಗಳ ನಡುವೆ ಸ್ವಚ್ಛಂದವಾಗಿ ಅಲೆಯುವ ಕರಡಿಯನ್ನು ದೂರದಿಂದಲೇ ನೋಡೋಣ; ಅದರ ಪೂಜೆಗೆ ನಾವು ಕರಡಿಗಳಾಗದಿರೋಣ.