ಬಳ್ಳಾರಿ ಬಿಸಿಲಿಗೆ ಗ್ಲೋ ಪ್ಲಗ್ ಯಾಕ್ ಬೇಕು?

ಬಳ್ಳಾರಿಯಲ್ಲಿ ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡು ಬೇಸಿಗೆ ಅನ್ನೋ ಜೋಕ್ ನಮ್ಮೂರಿನವರೆಲ್ಲ ಕೇಳಿರ್ತೀರಿ. ಇದೇ ಜೋಕಿನ ಧೈರ್ಯದ ಮೇಲೆ ನಮ್ಮ ಕಡೆ ಡೀಸೆಲ್ ಕಾರು ಇಟ್ಟುಕೊಂಡವರು ಗ್ಲೋ ಪ್ಲಗ್ ಅನ್ನೋ ವಸ್ತುವನ್ನ ಪೂರ್ತಿ ಮರೆತುಬಿಟ್ಟಿದ್ದಾರೆ. ಗ್ಯಾರೇಜಿನಲ್ಲಿ ಇದಕ್ಕೆ ಹೀಟರ್ ಪ್ಲಗ್ ಅಂತಾರೆ. "ಈ ಬಿಸಿಲಾಗ ಹೀಟರ್ ಯಾಕ್ ಬೇಕ್ರೀ" ಅಂತ ಒಬ್ಬ ಮೆಕ್ಯಾನಿಕ್ ನನಗೇ ಕೇಳಿದ್ರು. ಪ್ರಶ್ನೆ ಸರಿಯಾಗೇ ಇದೆ. ಆದ್ರೆ ಉತ್ತರ ಸ್ವಲ್ಪ ಉದ್ದ.

ಪೆಟ್ರೋಲ್ ಇಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಕಿಡಿ ಹಚ್ಚುತ್ತೆ. ಡೀಸೆಲ್ ಇಂಜಿನ್‌ನಲ್ಲಿ ಕಿಡಿ ಇಲ್ಲ, ಗಾಳಿಯನ್ನ ಒತ್ತಿ ಒತ್ತಿ ಬಿಸಿ ಮಾಡಿ, ಆ ಬಿಸಿಗೆ ಡೀಸೆಲ್ ಸಿಂಪಡಿಸ್ತಾರೆ. ಥರ್ಮೋಡೈನಮಿಕ್ಸ್ ಕ್ಲಾಸಿನಲ್ಲಿ ನಾವೆಲ್ಲ ಬರೆದ ಅಡಿಯಾಬ್ಯಾಟಿಕ್ ಸೂತ್ರ ಇಲ್ಲಿ ಕೆಲಸಕ್ಕೆ ಬರುತ್ತೆ. ಒಳಗೆ ಬಂದ ಗಾಳಿಯ ಉಷ್ಣತೆಯನ್ನ ಕೆಲ್ವಿನ್‌ನಲ್ಲಿ ತಗೊಂಡು, ಕಂಪ್ರೆಷನ್ ರೇಶಿಯೋದ 0.4ನೇ ಘಾತದಿಂದ ಗುಣಿಸಬೇಕು. ನಮ್ಮ ರಸ್ತೆಗಳಲ್ಲಿ ಇನ್ನೂ ಓಡಾಡ್ತಿರೋ ಹಳೆ ಸ್ವಿಫ್ಟ್, ಡಿಸೈರ್ ಡೀಸೆಲ್ ಕಾರುಗಳಲ್ಲಿರೋದು ಫಿಯೆಟ್‌ನ 1248 ಸಿಸಿ ಮಲ್ಟಿಜೆಟ್ ಇಂಜಿನ್. ಅದರ ರೇಶಿಯೋ 17.6 ಅಂತ ಹಿಡಿಯಿರಿ. 17.6ರ 0.4ನೇ ಘಾತ ಸುಮಾರು 3.15. ಮೇ ತಿಂಗಳಲ್ಲಿ 40 ಡಿಗ್ರಿ, ಅಂದ್ರೆ 313 ಕೆಲ್ವಿನ್ ಗಾಳಿ ಒಳಗೆ ಹೋದ್ರೆ ಒತ್ತಿದ ಮೇಲೆ 986 ಕೆಲ್ವಿನ್ ಆಗುತ್ತೆ, ಅಂದ್ರೆ 713 ಡಿಗ್ರಿ. ಚಳಿಗಾಲದ ಬೆಳಗಿನ ಜಾವ 15 ಡಿಗ್ರಿ ಗಾಳಿ ಹೋದ್ರೆ 634 ಡಿಗ್ರಿ. ಹೊರಗೆ ಬರೀ 25 ಡಿಗ್ರಿ ವ್ಯತ್ಯಾಸ, ಸಿಲಿಂಡರ್ ಒಳಗೆ 79 ಡಿಗ್ರಿ ವ್ಯತ್ಯಾಸ!

ಇದು ಪುಸ್ತಕದ ಲೆಕ್ಕ. ನಿಜವಾದ ಇಂಜಿನ್‌ನಲ್ಲಿ ಇಷ್ಟು ಬಿಸಿ ಬರಲ್ಲ. ಸ್ಟಾರ್ಟರ್ ಮೋಟಾರ್ ನಿಧಾನಕ್ಕೆ ತಿರುಗಿಸ್ತಿರುತ್ತೆ, ರಾತ್ರಿಯಿಡೀ ತಣ್ಣಗಾದ ಲೋಹ ಬಿಸಿಯನ್ನ ಎಳ್ಕೊಳ್ಳುತ್ತೆ, ಪಿಸ್ಟನ್ ರಿಂಗ್ ಸಂದಿಯಲ್ಲಿ ಸ್ವಲ್ಪ ಗಾಳಿ ಸೋರುತ್ತೆ. ಕಾರು 10 ವರ್ಷ ಹಳೆಯದಾಗಿ, ಬ್ಯಾಟರಿನೂ ಸೋತಿದ್ರೆ ಇನ್ನೂ ಕಷ್ಟ. ಸಿಂಪಡಿಸಿದ ಡೀಸೆಲ್ ಆವಿಯಾಗೋಕೆ ತಾನೂ ಒಂದಿಷ್ಟು ಬಿಸಿ ತಿನ್ನುತ್ತೆ. ಈ ಕೊರತೆ ತುಂಬೋದೇ ಗ್ಲೋ ಪ್ಲಗ್ ಕೆಲಸ. ಪೆನ್ಸಿಲ್‌ನಷ್ಟು ದಪ್ಪದ ಲೋಹದ ಕಡ್ಡಿ, ಒಳಗೆ ತಂತಿ ಸುರುಳಿ, ಸುತ್ತ ಗಟ್ಟಿಯಾಗಿ ತುಂಬಿದ ಮೆಗ್ನೀಷಿಯಂ ಆಕ್ಸೈಡ್ ಪುಡಿ. ಕೀ ತಿರುಗಿಸಿದ ಕೆಲವೇ ಸೆಕೆಂಡಿಗೆ ತುದಿ 800 ಡಿಗ್ರಿ ದಾಟಿ ಕೆಂಪಗಾಗುತ್ತೆ.

1998ರಲ್ಲಿ ಬಂದ ಟಾಟಾ ಇಂಡಿಕಾದಂಥ ಕಾರುಗಳಲ್ಲಿ ಡೀಸೆಲ್ ನೇರವಾಗಿ ಸಿಲಿಂಡರಿಗೆ ಬೀಳದೆ ಪಕ್ಕದ ಚಿಕ್ಕ ಕೋಣೆಗೆ ಬೀಳ್ತಿತ್ತು. ಆ ಕೋಣೆಯ ಗೋಡೆ ಬಿಸಿಯನ್ನ ಬಹಳ ಕುಡಿಯುತ್ತೆ. ಅದಕ್ಕೇ ಹಳೆ ಡ್ರೈವರ್‌ಗಳು ಸುರುಳಿ ದೀಪ ಆರೋವರೆಗೂ ಕಾದು ಸ್ಟಾರ್ಟ್ ಮಾಡ್ತಿದ್ರು. ಈಗಿನ ಕಾಮನ್ ರೈಲ್ ಇಂಜಿನ್‌ಗಳಲ್ಲಿ ಡೀಸೆಲ್ ನೇರ ಸಿಲಿಂಡರ್ ಒಳಗೇ ಬೀಳುತ್ತೆ, ಹಾಗಾಗಿ ಬೇಸಿಗೆಯಲ್ಲಿ ಪ್ಲಗ್ ಸತ್ತಿದ್ರೂ ಇಂಜಿನ್ ಹತ್ತಿಕೊಳ್ಳುತ್ತೆ. ಸಮಸ್ಯೆ ಶುರುವಾಗೋದೇ ಇಲ್ಲಿ. ಫೆಬ್ರವರಿಯಲ್ಲಿ ಒಂದು ಪ್ಲಗ್ ಸತ್ತರೆ ನಮ್ಮೂರಲ್ಲಿ ನವೆಂಬರ್‌ವರೆಗೂ ಯಾರಿಗೂ ಗೊತ್ತಾಗಲ್ಲ.

ಊರೊಳಗೆ ಪರವಾಗಿಲ್ಲ. ತುಂಗಭದ್ರಾ ಕಾಲುವೆ ನೀರಿನ ಗದ್ದೆ ಬಯಲಿಗೆ ಹೋಗಿ ನೋಡಿ. ಕುರುಗೋಡು ದಾಟಿ ಸಿರುಗುಪ್ಪದ ಕಡೆ ಡಿಸೆಂಬರ್‌ನಲ್ಲಿ ಬೆಳಗ್ಗೆ ಐದಕ್ಕೆ ಬಯಲಲ್ಲಿ ನಿಲ್ಲಿಸಿದ ಕಾರು ಕೈಗೆ ತಣ್ಣಗೆ ಕೊರೆಯುತ್ತೆ. ಯಾರಿಗೋ ಎದೆನೋವು ಅಂತ ಸಿರುಗುಪ್ಪದಿಂದ ಬಳ್ಳಾರಿ ಆಸ್ಪತ್ರೆಗೆ ಓಡಬೇಕಾದ ಹೊತ್ತೂ ಅದೇ. ಆಗ ಇಂಜಿನ್ ಕರ್ರ್ ಕರ್ರ್ ಅಂದು ಬ್ಯಾಟರಿ ಇಳಿದ್ರೆ? ಹತ್ತಿಕೊಂಡ್ರೂ ಅರ್ಧ ನಿಮಿಷ ತಡತಡ ನಡುಗಿ, ಸೈಲೆನ್ಸರ್‌ನಿಂದ ಕಣ್ಣುರಿಸೋ ಬಿಳಿ ಹೊಗೆ ಬಂದ್ರೆ, ಅದು ಸುಡದೆ ಹೊರಬಂದ ಡೀಸೆಲ್.

ಇಂಥ ಹೊತ್ತಲ್ಲಿ ಕೆಲವರು ಒಂದು ಕೆಲಸ ಮಾಡ್ತಾರೆ. ಏರ್ ಫಿಲ್ಟರ್ ತೆಗೆದು ಪೆಟ್ರೋಲ್ ಬಟ್ಟೆ ಹಿಡಿಯೋದು, ಇಲ್ಲ ಸ್ಟಾರ್ಟಿಂಗ್ ಸ್ಪ್ರೇ ಹೊಡೆಯೋದು. ದಯವಿಟ್ಟು ಬೇಡ. ನಾಲ್ಕರಲ್ಲಿ ಒಂದು ಪ್ಲಗ್ ಕೆಂಪಗಿದ್ರೂ ಆ ಆವಿ ಪಿಸ್ಟನ್ ಮೇಲೆ ಬರೋ ಮೊದಲೇ ಸ್ಫೋಟಿಸಬಹುದು. ಪಿಸ್ಟನ್ ಬಿರುಕು ಬಿಡಬಹುದು, ಬೆಂಕಿ ಹಿಂದಕ್ಕೆ ಮುಖಕ್ಕೂ ಬರಬಹುದು.

ಬದಲಿಸೋ ಮುಂಚೆ ಪ್ಲಗ್ಗೇ ಸತ್ತಿದೆಯಾ ನೋಡಬೇಕು. ಹಳೆ ಕಾರಲ್ಲಿ ಸುರುಳಿ ದೀಪ ಆರಿತು ಅಂದ್ರೆ ಟೈಮರ್ ಮುಗಿತು ಅಂತ ಅಷ್ಟೇ, ಪ್ಲಗ್ ಬಿಸಿಯಾಯ್ತು ಅಂತಲ್ಲ. ಇಂಜಿನ್ ಆಫ್ ಮಾಡಿ, ಪ್ಲಗ್ ತಲೆಯ ವೈರ್ ಬಿಚ್ಚಿ, ಮಲ್ಟಿಮೀಟರಿನ ಒಂದು ಕಡ್ಡಿ ಆ ತಲೆಗೆ, ಇನ್ನೊಂದು ಇಂಜಿನ್‌ನ ಬರಿ ಲೋಹಕ್ಕೆ ಇಡಿ. ಚೆನ್ನಾಗಿರೋ 12 ವೋಲ್ಟ್ ಪ್ಲಗ್ ಒಂದು ಓಮ್ ಆಸುಪಾಸು ತೋರಿಸುತ್ತೆ. ಅಳತೆಯೇ ಬರದಿದ್ರೆ ಒಳಗಿನ ತಂತಿ ಕಡಿದಿದೆ. ಅಗ್ಗದ ಮೀಟರಿನ ವೈರುಗಳೇ ಕಾಲು, ಅರ್ಧ ಓಮ್ ತಿನ್ನುತ್ತವೆ, ಕಡ್ಡಿಗಳನ್ನ ಒಂದಕ್ಕೊಂದು ತಾಗಿಸಿ ಆ ಅಳತೆಯನ್ನ ಕಳೆಯಿರಿ. ನಾಲ್ಕೂ ಒಟ್ಟಿಗೆ ಕೆಲಸ ಮಾಡ್ತಿಲ್ಲ ಅಂದ್ರೆ ನಾಲ್ಕೂ ಒಂದೇ ದಿನ ಸಾಯೋದು ಅಪರೂಪ, ರಿಲೇ ಅಥವಾ ಫ್ಯೂಸ್ ಕಡೆ ಮೊದಲು ನೋಡಿ. ಬಿಚ್ಚಿದ ಪ್ಲಗ್ಗನ್ನ ಕೈಯಲ್ಲಿ ಹಿಡಿದು ಬ್ಯಾಟರಿಗೆ ತಾಗಿಸೋ ಪ್ರಯೋಗ ನನಗೆ ಇಷ್ಟವಿಲ್ಲ. 0.6 ಓಮ್ ಪ್ಲಗ್ ಮೊದಲ ಕ್ಷಣದಲ್ಲಿ 20 ಆಂಪಿಯರ್ ಎಳೆಯುತ್ತೆ. ಹೊಸ ಕಾರುಗಳಲ್ಲಿ 4 ರಿಂದ 7 ವೋಲ್ಟಿನ ಪ್ಲಗ್ಗುಗಳೂ ಇವೆ, ಅವಕ್ಕೆ ನೇರ 12 ವೋಲ್ಟ್ ಕೊಟ್ರೆ ಅಲ್ಲೇ ಸುಟ್ಟುಹೋಗುತ್ತವೆ.

ಈಗ ಮುಖ್ಯ ವಿಷಯ. ಗ್ಲೋ ಪ್ಲಗ್ ಬಿಚ್ಚೋದು ನೋಡೋಕೆ ಬೋಲ್ಟ್ ಬಿಚ್ಚಿದ ಹಾಗೇ. ಆದ್ರೆ ಮರೆತ ಪ್ಲಗ್ ವರ್ಷಗಟ್ಟಲೆ ಅಲ್ಲೇ ಕೂತಿರುತ್ತೆ, ಥ್ರೆಡ್ ತುಕ್ಕು ಹಿಡಿದಿರುತ್ತೆ, ತುದಿಯ ಸುತ್ತ ಕಾರ್ಬನ್ ಕಟ್ಟಿರುತ್ತೆ. ಪ್ಲಗ್ ಒಳಗೆ ಟೊಳ್ಳು, ಗೋಡೆ ತೆಳು. ಎಂ8 ಥ್ರೆಡ್‌ನ ಪ್ಲಗ್ಗನ್ನ ಬಿಗಿ ಮಾಡೋ ಟಾರ್ಕ್ ಸುಮಾರು 10 ನ್ಯೂಟನ್ ಮೀಟರ್, ಮುರಿಯೋ ಟಾರ್ಕ್ ಸುಮಾರು 20. ಎಂ10 ಆದ್ರೆ ಮುರಿಯೋದು 35ರ ಹತ್ತಿರ. 20 ನ್ಯೂಟನ್ ಮೀಟರ್ ಎಷ್ಟು ಅಂತ ಕೈಗೆ ಗೊತ್ತಾಗಬೇಕಲ್ಲ: 20 ಸೆಂಟಿಮೀಟರ್ ಉದ್ದದ ಹಿಡಿಕೆಯ ತುದಿಗೆ 10 ಲೀಟರ್ ನೀರಿನ ಕೊಡ ನೇತುಹಾಕಿದಷ್ಟು. ಅಷ್ಟೇ. ನಮ್ಮ ಕಡೆ ಪಾನಾ ಜಗ್ಗಲಿಲ್ಲ ಅಂದ್ರೆ ಪೈಪ್ ಹಾಕಿ ಎಳೆಯೋ ಪದ್ಧತಿ ಇದೆಯಲ್ಲ, ಅದು ಲಾರಿ ಚಕ್ರದ ನಟ್ಟಿಗೆ ಸರಿ. ಇಲ್ಲಿ ತಲೆ ಕೈಗೆ ಬಂದು, ಬುಡ ಸಿಲಿಂಡರ್ ಹೆಡ್‌ನಲ್ಲೇ ಉಳಿಯುತ್ತೆ. ಆಮೇಲೆ ಕೊರೆದು ತೆಗೀಬೇಕು, ಇಲ್ಲ ಹೆಡ್ಡೇ ಇಳಿಸಬೇಕು. ನೂರುಗಳಲ್ಲಿ ಮುಗಿಯೋ ಕೆಲಸ ಸಾವಿರಗಳಿಗೆ ಹೋಗುತ್ತೆ. ಮುರಿದ ಪ್ಲಗ್ ಒಳಗಿರುವಾಗ ಇಂಜಿನ್ ಸ್ಟಾರ್ಟ್ ಮಾಡಲೇಬೇಡಿ, ಕಂಪ್ರೆಷನ್‌ಗೆ ಆ ತುಂಡು ಗುಂಡಿನ ಹಾಗೆ ಹಾರಬಹುದು.

ಆದ್ದರಿಂದ ಕೆಲಸ ಶುರುವಾಗೋದು ಹಿಂದಿನ ರಾತ್ರಿ. ಮೊದಲು ಪ್ಲಗ್ ಸುತ್ತಲಿನ ಗುಂಡಿಯನ್ನ ಬ್ರಷ್ ಮತ್ತು ವ್ಯಾಕ್ಯೂಮ್‌ನಿಂದ ಸ್ವಚ್ಛ ಮಾಡಬೇಕು. ಸಂಡೂರಿನ ಅದಿರು ಲಾರಿಗಳ ಕೆಂಪು ಧೂಳು ಬಳ್ಳಾರಿ ಕಾರುಗಳ ಯಾವ ಮೂಲೆಯನ್ನೂ ಬಿಟ್ಟಿಲ್ಲ. ಪ್ಲಗ್ ಬಿಚ್ಚಿದ ತಕ್ಷಣ ಅದು ಸೀದಾ ಪಿಸ್ಟನ್ ಮೇಲೆ ಬೀಳುತ್ತೆ, ಕಬ್ಬಿಣದ ಅದಿರು ಸಿಲಿಂಡರ್ ಗೋಡೆಗೆ ಮರಳು ಕಾಗದ ಇದ್ದಂಗೆ. (ಒರೆಸೋಕೆ ನಮ್ಮೂರ ಜೀನ್ಸ್ ಫ್ಯಾಕ್ಟರಿ ಚಿಂದಿ ಬೇಡ, ಅದರ ಎಳೆ ಉದುರುತ್ತೆ.) ಆಮೇಲೆ ತುಕ್ಕು ಬಿಡಿಸೋ ಪೆನಿಟ್ರೇಟಿಂಗ್ ಆಯಿಲ್ ಬುಡಕ್ಕೆ ಬಿಟ್ಟು ರಾತ್ರಿಯಿಡೀ ನೆನೆಸಿ.

ಬೆಳಗ್ಗೆ ಇಂಜಿನ್ನನ್ನ ಬಯಲಲ್ಲಿ ಓಡಿಸಿ ಪೂರ್ತಿ ಬಿಸಿ ಮಾಡಿ. ಮುಚ್ಚಿದ ಶೆಡ್ಡಿನಲ್ಲಿ ಬೇಡ, ಹೊಗೆ ಜೀವಕ್ಕೆ ಕುತ್ತು. ಬಿಸಿ ಯಾಕೆ ಅಂದ್ರೆ, ಹೆಡ್ ಅಲ್ಯೂಮಿನಿಯಂದು, ಪ್ಲಗ್ ಉಕ್ಕಿನದು. ಅಷ್ಟೇ ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಮ್ಮಿ ಎರಡು ಪಟ್ಟು ಹಿಗ್ಗುತ್ತೆ, ಹಾಗಾಗಿ ತೂತು ಸ್ವಲ್ಪ ಸಡಿಲ ಆಗುತ್ತೆ. ಇಂಜಿನ್ ಆಫ್ ಮಾಡಿ, ಕೀ ಜೇಬಿಗೆ ಹಾಕ್ಕೊಂಡು, ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಇಲ್ಲಾಂದ್ರೆ ಬಿಸಿ ಇಂಜಿನ್‌ನಲ್ಲಿ ರೇಡಿಯೇಟರ್ ಫ್ಯಾನ್ ತಾನಾಗೇ ತಿರುಗಬಹುದು. ಗ್ಲೌಸ್, ಕನ್ನಡಕ ಹಾಕ್ಕೊಳ್ಳಿ. ಪಕ್ಕದಲ್ಲೇ ಇರೋ ಇಂಜೆಕ್ಟರ್ ಪೈಪುಗಳನ್ನ ಸಡಿಲ ಮಾಡೋ ಯೋಚನೆ ಮಾಡಬೇಡಿ. ಕಾಮನ್ ರೈಲ್ ಒಳಗೆ ಸಾವಿರ ಬಾರ್‌ಗೂ ಹೆಚ್ಚು ಒತ್ತಡ ಇರುತ್ತೆ. ಅಷ್ಟು ಒತ್ತಡದ ಡೀಸೆಲ್ ಎಳೆ ಚರ್ಮ ತೂರಿ ಒಳಗೆ ಹೋಗುತ್ತೆ, ಚುಚ್ಚಿದ ಗಾಯ ಚಿಕ್ಕದಾಗಿ ಕಂಡ್ರೂ ಆಸ್ಪತ್ರೆಗೇ ಹೋಗಬೇಕಾದ ವಿಷಯ.

ಉದ್ದನೆ ಸಾಕೆಟ್ ನೆಟ್ಟಗೆ ಕೂರಿಸಿ, ಟಾರ್ಕ್ ರೆಂಚಿನಲ್ಲಿ ಎಂ8ಗೆ 15ರ ಮೇಲೆ ಹೋಗದ ಹಾಗೆ ತಿರುಗಿಸಿ. ಕ್ಲಿಕ್ ಅಂದ್ರೆ ನಿಲ್ಲಿಸಿ. ಎಡದ ಕಡೆ ತಿರುಗೋ ರೆಂಚ್ ಎಲ್ಲಾ ಕಂಪನಿಯದ್ದೂ ಅಳತೆ ತೋರಿಸಲ್ಲ, ಕೊಳ್ಳುವಾಗ ಕೇಳಿ. ಕದಲಿದ್ರೆ ಕಾಲು ಸುತ್ತು ಬಿಚ್ಚಿ, ಸ್ವಲ್ಪ ವಾಪಸ್ ಬಿಗಿ ಮಾಡಿ, ಎಣ್ಣೆ ಬಿಟ್ಟು, ಮತ್ತೆ ಬಿಚ್ಚಿ. ಇದು ಬೇಜಾರಿನ ಕೆಲಸ, ಒಂದು ಪ್ಲಗ್ಗಿಗೇ ಅರ್ಧ ಗಂಟೆ ಹೋಗಬಹುದು. ಥ್ರೆಡ್ ಪೂರ್ತಿ ಬಿಟ್ಟರೂ ಪ್ಲಗ್ ಮೇಲೆ ಬರದಿದ್ರೆ ತುದಿ ಕಾರ್ಬನ್‌ಗೆ ಕಚ್ಚಿದೆ ಅಂತ ಅರ್ಥ. ತಲೆಯನ್ನ ಪ್ಲಯರ್‌ನಲ್ಲಿ ಜಗ್ಗಬೇಡಿ, ಎಣ್ಣೆ ಬಿಟ್ಟು ಅತ್ತಿತ್ತ ತಿರುಗಿಸ್ತಾ ಇರಿ.

ಹಾಕೋದು ಸುಲಭ. ಅದೇ ಅಳತೆ, ಅದೇ ವೋಲ್ಟಿನ ಪ್ಲಗ್ ಇರಬೇಕು. ತುದಿ ಉದ್ದ ಜಾಸ್ತಿ ಇದ್ರೆ ಪಿಸ್ಟನ್‌ಗೆ ತಾಗಬಹುದು. ತೂತಿನ ಕಾರ್ಬನ್ನನ್ನ ಅದಕ್ಕೇ ಅಂತ ಬರೋ ರೀಮರ್‌ಗೆ ಗ್ರೀಸ್ ಹಚ್ಚಿ ಕೈಯಿಂದಲೇ ತೆಗೀಬೇಕು, ಗ್ರೀಸಿಗೆ ಚೂರು ಅಂಟಿಕೊಂಡು ಹೊರಗೆ ಬರುತ್ತೆ. ಹೊಸ ಪ್ಲಗ್ಗನ್ನ ಮೊದಲು ಬೆರಳಿನಿಂದ ತಿರುಗಿಸಿ, ಕೊನೆಗೆ ಮಾತ್ರ ಟಾರ್ಕ್ ರೆಂಚ್. ಸೆರಾಮಿಕ್ ಪ್ಲಗ್ ನೆಲಕ್ಕೆ ಬಿದ್ರೆ ಚೆನ್ನಾಗಿ ಕಂಡ್ರೂ ಹಾಕಬೇಡಿ, ಕಣ್ಣಿಗೆ ಕಾಣದ ಬಿರುಕು ಸಿಲಿಂಡರ್ ಒಳಗೆ ಚೂರಾಗುತ್ತೆ.

ಸಿರುಗುಪ್ಪದ ನಮ್ಮ ದೊಡ್ಡಪ್ಪನ ಕಾರಿಗೆ ಹೋದ ನವೆಂಬರ್‌ನಲ್ಲಿ ಹೀಗೇ ಮಾಡಿದ್ರು, ಮೀಟರ್ ಹಿಡಿಯೋ ಕೆಲಸ ನನ್ನದು. ಎರಡು ಪ್ಲಗ್ ಸತ್ತಿದ್ವು, ಎರಡು ಬದುಕಿದ್ವು. ಒಂದೇ ವಯಸ್ಸಿನವು ಅಂತ ನಾಲ್ಕೂ ಬದಲಿಸೋಣ ಅಂತ ಹೊರಟಿದ್ರು. ಮೂರು ಬಂದ್ವು. ನಾಲ್ಕನೆಯದು ಮೂರು ಸಲ ಎಣ್ಣೆ ಕುಡಿದ್ರೂ ಕ್ಲಿಕ್ ಅನ್ನಿಸ್ತೇ ಹೊರತು ಕದಲಲಿಲ್ಲ. "ಇನ್ನೊಂಚೂರು ಎಳಿಯೂನು" ಅಂದವರು ಇದ್ರು, ಮೆಕ್ಯಾನಿಕ್ ಒಪ್ಪಲಿಲ್ಲ. ಅದು ಬದುಕಿರೋ ಪ್ಲಗ್ಗೇ, ಮೀಟರಿನಲ್ಲಿ 0.8 ಓಮ್ ತೋರಿಸ್ತಿತ್ತು. ಅಲ್ಲೇ ಬಿಟ್ಟು ಬಾನೆಟ್ ಮುಚ್ಚಿದ್ರು. ಮುಂದಿನ ಸರ್ವೀಸ್ ದಿನ ಮತ್ತೆ ಎಣ್ಣೆ ಬಿಟ್ಟು ನೋಡ್ತಾರಂತೆ.