ಹರಳೆಣ್ಣೆ ಹಚ್ಚಿದ ಕಂಬ

ಡಿಸೆಂಬರಿನಲ್ಲಿ ನಮ್ಮ ಹಾನುಬಾಳಿನ ಕಡೆಯವರು ತೋಟ ಬಿಟ್ಟು ಕದಲುವುದಿಲ್ಲ ಎಂಬ ಮಾತಿದೆ. ಅರೇಬಿಕಾ ಹಣ್ಣಾಗಿರುತ್ತದೆ, ಕಣದ ತುಂಬ ಕಾಫಿ ಹರಡಿರುತ್ತದೆ, ಅಕಾಲದಲ್ಲಿ ಮೋಡ ಕವಿದರೆ ಎದೆ ಹೊಡೆದುಕೊಳ್ಳುತ್ತದೆ. ಆದರೂ ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿದು ಮೂಡುಬಿದಿರೆಗೆ ಹೋಗಿಬರುವವರು ಇದ್ದೇ ಇರುತ್ತಾರೆ. ಕೆಲವರ ಮಕ್ಕಳು ಅಲ್ಲಿ ಓದುತ್ತಿರುತ್ತಾರೆ. ಉಳಿದವರಿಗೆ ಆಳ್ವಾಸ್ ವಿರಾಸತ್ ಒಂದು ನೆಪ. ಡಾ. ಎಂ. ಮೋಹನ ಆಳ್ವರ ಶಿಕ್ಷಣ ಪ್ರತಿಷ್ಠಾನ ನಡೆಸುವ ಈ ಉತ್ಸವಕ್ಕೆ ಸಂಗೀತ, ನೃತ್ಯದ ಘಟಾನುಘಟಿಗಳು ಬರುತ್ತಾರೆ. ನಾನು ಹೇಳಹೊರಟಿರುವುದು ಅವರ ವಿಷಯ ಅಲ್ಲ. ಅದೇ ವೇದಿಕೆ ಏರುವ ವಿದ್ಯಾರ್ಥಿಗಳ ವಿಷಯ, ಅದರಲ್ಲೂ ಮಲ್ಲಕಂಬದ ಹುಡುಗ ಹುಡುಗಿಯರ ವಿಷಯ.

ಸಂಸ್ಥೆಯ ಸಾಂಸ್ಕೃತಿಕ ತಂಡ ವಿರಾಸತ್ತಿನಲ್ಲಷ್ಟೇ ಅಲ್ಲ, ‘ಆಳ್ವಾಸ್ ಸಾಂಸ್ಕೃತಿಕ ವೈಭವ’ ಎಂಬ ಹೆಸರಿನಲ್ಲಿ ಊರೂರಿಗೂ ಹೋಗುತ್ತದೆ. ಯಕ್ಷಗಾನ, ಮಣಿಪುರದ ಸ್ಟಿಕ್ ಡಾನ್ಸ್, ಬಂಗಾಳದ ಪುರುಲಿಯಾ ಸಿಂಹನೃತ್ಯ ಒಂದರ ಬೆನ್ನಿಗೆ ಒಂದು ಬರುತ್ತವೆ. ಎರಡು ಐಟಂಗಳ ನಡುವೆ ಉಸಿರಾಡಲು ಪುರುಸೊತ್ತಿಲ್ಲ. ನನ್ನ ದೂರು ಇದ್ದರೆ ಅದೊಂದೇ. ಮಲ್ಲಕಂಬದ ಸರದಿ ಬಂದಾಗ ಮಾತ್ರ ಅಷ್ಟು ಹೊತ್ತು ಮೊಬೈಲು ನೋಡುತ್ತಿದ್ದವರೂ ತಲೆ ಎತ್ತುತ್ತಾರೆ.

ಕಂಬಗಳನ್ನು ನಿಲ್ಲಿಸಿರುತ್ತಾರೆ, ಮೇಲಿನಿಂದ ಹಗ್ಗಗಳು ಇಳಿಬಿದ್ದಿರುತ್ತವೆ. ಹುಡುಗರು ಓಡಿಬಂದು ಕಂಬಕ್ಕೆ ಹಾರಿ, ಕಾಲಿನಿಂದ ಕತ್ತರಿ ಹಾಕಿ, ತಲೆಕೆಳಗಾಗಿ ಕೈಬಿಡುತ್ತಾರೆ. ಒಬ್ಬನ ತೊಡೆಯ ಮೇಲೆ ಇನ್ನೊಬ್ಬ, ಅವನ ಹೆಗಲ ಮೇಲೆ ಮತ್ತೊಬ್ಬ. ನೋಡನೋಡುತ್ತ ಆ ಒಂದೇ ಕಂಬ ಮನುಷ್ಯರ ಗೊನೆಯಾಗುತ್ತದೆ. ಹಗ್ಗದಲ್ಲಿರುವ ಹುಡುಗಿ ಕಾಲಿನ ಹೆಬ್ಬೆರಳು ಮತ್ತು ಪಕ್ಕದ ಬೆರಳ ನಡುವೆ ಹಗ್ಗ ಸಿಕ್ಕಿಸಿಕೊಂಡು ಏರಿ, ಮೈಗೆ ಎರಡು ಸುತ್ತು ಸುತ್ತಿಕೊಂಡು, ಅಲ್ಲೇ ಪದ್ಮಾಸನ ಹಾಕಿ ಕೂರುತ್ತಾಳೆ. ಗಂಟು ಹಾಕುವಂತಿಲ್ಲ. ಸುತ್ತಿದ ಹಗ್ಗ ತನ್ನ ಬಿಗಿಯಿಂದಲೇ ಅವಳನ್ನು ಹಿಡಿದಿರಬೇಕು.

ಒಂದು ಸಲ ಹೀಗೆ ನೋಡುವಾಗ ನನ್ನ ಪಕ್ಕ ಕುಳಿತಿದ್ದವರು ನಮ್ಮ ಕಡೆಯ ತೋಟವೊಂದರ ಮೇಸ್ತ್ರಿ. ಮಗಳ ಮಗ ಅಲ್ಲಿ ಓದುತ್ತಾನೆಂದು ಬಂದಿದ್ದರು. ಪ್ರಾಯದಲ್ಲಿ ಮೆಣಸು ಕುಯ್ದವರು. ಒಂಟಿ ಬಿದಿರಿನ ಏಣಿಯನ್ನು ಸಿಲ್ವರ್ ಮರಕ್ಕೆ ಒರಗಿಸಿ, ಒಂದು ಕಾಲಿನ ಬಲದಲ್ಲಿ ನಿಂತು, ಎರಡೂ ಕೈಯಲ್ಲಿ ಬಳ್ಳಿ ಬಿಡಿಸಿದವರು. ಸುತ್ತ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾಗ ಅವರು ಸುಮ್ಮನಿದ್ದರು. ಹುಡುಗನೊಬ್ಬ ಕಂಬದ ತುದಿಯ ಬೊಂಡಿನ ಮೇಲೆ ಹೊಟ್ಟೆಯೂರಿ, ಕೈಕಾಲು ನಾಲ್ಕೂ ಗಾಳಿಗೆ ಚಾಚಿ ನಿಶ್ಚಲವಾದ. ಜನ ಮುಂದಿನ ಪಲ್ಟಿಗೆ ಕಾಯುತ್ತಿದ್ದರು. ಮೇಸ್ತ್ರಿ ಆಗ ತಟ್ಟತೊಡಗಿದರು. “ಹತ್ತೋದೇನ್ ಮಹಾ ಮೇಷ್ಟ್ರೇ, ನಾವೂ ಹತ್ತಿದೀವಿ. ಹತ್ತಿದ್ಮೇಲೆ ಅಲ್ಲಾಡ್ದಂಗೆ ಇರದು ಕಷ್ಟ,” ಎಂದರು.

ಆ ಮಾತು ಕೇಳಿದ ಮೇಲೆ ನಾನು ನೋಡುವ ಕ್ರಮವೇ ಬದಲಾಯಿತು. ಮಲ್ಲಕಂಬ ಏರುವ ವಿದ್ಯೆಯಲ್ಲ, ಹಿಡಿತದ ವಿದ್ಯೆ. ಹುಟ್ಟಿದ್ದೂ ಕುಸ್ತಿಯ ಮನೆಯಲ್ಲಿ. ಎದುರಾಳಿ ಸಿಗದ ಹೊತ್ತಿನಲ್ಲಿ ಜಟ್ಟಿ ಕಂಬವನ್ನೇ ಎದುರಾಳಿ ಮಾಡಿಕೊಂಡು ಪಟ್ಟು ಹಾಕುತ್ತಿದ್ದ. ಅದರ ಹಳೆಯ ದಾಖಲೆಯನ್ನು ಹುಡುಕುತ್ತ ಹೋದರೆ ಕನ್ನಡ ನೆಲಕ್ಕೇ ಬರುತ್ತೇವೆ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ಆಹಾರ, ವ್ಯಾಯಾಮ, ಪಟ್ಟುಗಳ ಜೊತೆ ಮಲ್ಲಸ್ತಂಭದ ಸಾಧನೆಯ ಪ್ರಸ್ತಾಪವೂ ಇದೆ. ಆಮೇಲೆ ಶತಮಾನಗಳ ಕಾಲ ಈ ಕಂಬದ ಸುದ್ದಿ ಹೆಚ್ಚಾಗಿ ಕೇಳಿಸುವುದಿಲ್ಲ. ಪೇಶ್ವೆ ಎರಡನೆಯ ಬಾಜೀರಾಯನ ಕಾಲಕ್ಕೆ, ಅಂದರೆ 18ನೆಯ ಶತಮಾನ ಮುಗಿದು 19ನೆಯದು ಹುಟ್ಟುವ ಹೊತ್ತಿಗೆ, ಪುಣೆಯಲ್ಲಿ ಬಾಳಂಭಟ್ಟ ದಾದಾ ದೇವಧರ ಅದನ್ನು ಮತ್ತೆ ನಿಲ್ಲಿಸಿದರು. ಅಲಿ ಮತ್ತು ಗುಲಾಬ್ ಎಂಬ ಜಟ್ಟಿಗಳು ಪೇಶ್ವೆಯ ಆಸ್ಥಾನಕ್ಕೆ ಬಂದು ಸವಾಲು ಹಾಕಿದರೆಂದೂ, ಹದಿಹರೆಯದ ಬಾಳಂಭಟ್ಟ ಸಪ್ತಶೃಂಗಿಗೆ ಹೋಗಿ ತಪಸ್ಸು ಮಾಡಿದಾಗ ಹನುಮಂತನೇ ಕಂಬದ ಮೇಲೆ ಪಟ್ಟು ತೋರಿಸಿಕೊಟ್ಟನೆಂದೂ ಕತೆ. ಮಂಗನನ್ನು ನೋಡಿ ಕಲಿತರೆಂಬುದು ನನಗೆ ಹೆಚ್ಚು ಒಪ್ಪಿಗೆ. ಕಾಫಿ ತೋಟದವರಿಗೆ ಮಂಗನ ಸಾಮರ್ಥ್ಯದ ಬಗ್ಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕಂಬದ ರಚನೆಯಲ್ಲೇ ಎದುರಾಳಿಯ ಮೈ ಇದೆ. ನೆಲದಿಂದ ಸುಮಾರು ಎಂಟೂವರೆ ಅಡಿ ಎತ್ತರ, ತೇಗ ಇಲ್ಲವೆ ಬೀಟೆಯ ಜಾತಿಗೆ ಸೇರಿದ ಶೀಶಂ. ಬುಡ ದಪ್ಪ, ಮೇಲೆ ಹೋದಂತೆ ಸಣ್ಣಗಾಗಿ ಕತ್ತಿನಂತಹ ಭಾಗ, ಅದರ ಮೇಲೆ ತಲೆಯಂತಹ ಬೊಂಡು. ಮೈಗೆಲ್ಲ ಹರಳೆಣ್ಣೆ. ಎಣ್ಣೆ ಹಚ್ಚುವುದು ಜಾರಲಿ ಎಂದಲ್ಲ. ಮೈ ಸರಾಗವಾಗಿ ಹೊರಳಬೇಕು, ಉಜ್ಜಿ ಚರ್ಮ ಸುಲಿಯಬಾರದು. ಹೆಚ್ಚಾದರೆ ಮಾತ್ರ ಜಾರಿ ನೆಲ ಸೇರುವುದೇ. ಸಲಾಮಿ, ಬಗಲಿ, ದಸರಂಗ, ಫಿರಕಿ ಎಂಬ ಪಟ್ಟುಗಳ ಹೆಸರು ಕೇಳಿದರೆ ಗರಡಿಯ ಮಣ್ಣಿನ ವಾಸನೆ ಬರುತ್ತದೆ. ನೆಟ್ಟ ಕಂಬವಲ್ಲದೆ ಸರಪಳಿಯಿಂದ ತೂಗುಹಾಕಿದ ಕಂಬವೂ ಇದೆ. ಅದು ಗಿರಗಿರನೆ ಸುತ್ತುತ್ತ ಓಲಾಡುವುದರಿಂದ ಹಿಡಿತ ಇನ್ನೂ ಬಿಗಿ ಇರಬೇಕು.

ಕರ್ನಾಟಕದಲ್ಲಿ ಈ ಆಟ ಉಳಿದಿರುವುದು ಉತ್ತರದ ಬಯಲುಸೀಮೆಯಲ್ಲಿ. ಗದಗ ಜಿಲ್ಲೆಯ ಲಕ್ಷ್ಮೇಶ್ವರ, ಬಾಗಲಕೋಟೆ ಜಿಲ್ಲೆಯ ತುಳಸಿಗೇರಿ ಇದಕ್ಕೆ ಹೆಸರಾದ ಊರುಗಳು. ಅಲ್ಲಿ ಅದು ಮಲ್ಲಗಂಬ. ಆಳ್ವಾಸ್ ಮಾಡಿದ್ದೆಂದರೆ, ಕ್ರೀಡಾ ಪ್ರತಿಭೆಗಳನ್ನು ದತ್ತು ತೆಗೆದುಕೊಂಡು ಓದಿಸುವ ತನ್ನ ಯೋಜನೆಯ ಬಲದಿಂದ ಇದನ್ನು ಕರಾವಳಿಗೆ ತಂದು, ಬೆಳಕು ಮತ್ತು ಸಂಗೀತ ಕೊಟ್ಟು ರಂಗಕ್ಕೆ ಹತ್ತಿಸಿದ್ದು.

ರಂಗಕ್ಕೆ ಹತ್ತಿಸಿದ್ದರಲ್ಲಿ ಲಾಭ, ನಷ್ಟ ಎರಡೂ ಇವೆ. ಲಾಭ ಏನೆಂದು ತಿಳಿಯಲು ಸರ್ಕಸ್ಸನ್ನು ನೆನೆಯಬೇಕು. ಸರ್ಕಸ್ಸಿನ ಗುಡಾರದಲ್ಲಿ ನಾವು ನೋಡುತ್ತಿದ್ದದ್ದು ಭಯ: ಬೀಳುತ್ತಾನೋ ಇಲ್ಲವೋ ಎಂಬ ಕಾತರ. ಹುಲಿ, ಸಿಂಹ, ಕರಡಿ, ಕೋತಿಗಳನ್ನು ಕುಣಿಸಬಾರದೆಂದು ಕೇಂದ್ರ ಸರ್ಕಾರ 1998ರಲ್ಲಿ ಅಧಿಸೂಚನೆ ಹೊರಡಿಸಿ, 2001ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದ ಮೇಲೆ ಗುಡಾರಗಳು ಸೊರಗಿದವು. ಅವುಗಳ ಬಂಡವಾಳವಾಗಿ ಮನುಷ್ಯನ ಮೈಯೊಂದೇ ಉಳಿಯಿತು. ಆ ಹೊತ್ತಿಗೆ ಕೆನಡಾದ ಸರ್ಕ್ ದು ಸೊಲೈ ಕಂಪನಿ ಪ್ರಾಣಿಗಳಿಲ್ಲದ ಸರ್ಕಸ್ಸನ್ನು ನಾಟಕದಂತೆ ಕಟ್ಟಿ ಲೋಕವನ್ನೇ ಗೆದ್ದಿತ್ತು. ಅದರ ‘ಬಜಾರ್’ ಎಂಬ ಪ್ರದರ್ಶನ 2018ರ ನವೆಂಬರಿನಲ್ಲಿ ಮುಂಬೈಯಲ್ಲೇ ಮೊದಲು ತೆರೆ ಕಂಡಿತು. ಅದರಲ್ಲಿ ನಮ್ಮ ಮಲ್ಲಕಂಬಕ್ಕೂ ಜಾಗವಿತ್ತು. ಮೂರು ತಿಂಗಳಲ್ಲಿ, 2019ರ ಫೆಬ್ರವರಿಯಲ್ಲಿ, ಅದೇ ಮುಂಬೈಯ ಶಿವಾಜಿ ಪಾರ್ಕಿನಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಅಲ್ಲಿನ ಸಮರ್ಥ ವ್ಯಾಯಾಮ ಮಂದಿರದಲ್ಲಿ ದಶಕಗಳಿಂದ ಕಲಿಸುತ್ತ ಬಂದ ಉದಯ ದೇಶಪಾಂಡೆಯವರಿಗೆ 2024ರಲ್ಲಿ ಪದ್ಮಶ್ರೀ ಬಂತು. ಛತ್ತೀಸಗಢದ ಅಬೂಝಮಾಡ್ ಕಾಡಿನ ಮಕ್ಕಳ ತಂಡ 2023ರಲ್ಲಿ ಟಿವಿಯ ‘ಇಂಡಿಯಾಸ್ ಗಾಟ್ ಟ್ಯಾಲೆಂಟ್’ ಗೆದ್ದಿತು.

ನಷ್ಟ ಯಾವುದೆಂದರೆ, ಕಿವಿ ಗಡಚಿಕ್ಕುವ ಹಿನ್ನೆಲೆ ಸಂಗೀತದಲ್ಲಿ ಆಡುವವರ ಉಸಿರು ಕೇಳಿಸುವುದಿಲ್ಲ. ಅಂಗಳದಲ್ಲಿ ಹತ್ತಿರ ನಿಂತು ನೋಡಿದರೆ ಅಂಗೈ ಕಂಬಕ್ಕೆ ಬಡಿಯುವ ಸದ್ದು, ತೊಡೆಯ ನಡುಕ, ಪಟ್ಟು ಬದಲಿಸುವ ಮುನ್ನ ಒಂದು ಕ್ಷಣ ಉಸಿರು ಕಟ್ಟುವುದು ಎಲ್ಲವೂ ತಿಳಿಯುತ್ತದೆ. ರಂಗದ ಮೇಲೆ ಬಣ್ಣದ ದೀಪ ಅದನ್ನೆಲ್ಲ ನುಂಗುತ್ತದೆ. ಪ್ರೇಕ್ಷಕನಿಗೆ ಕಾಣುವುದು ಚಲನೆ ಮಾತ್ರ, ಅವನು ಚಪ್ಪಾಳೆ ತಟ್ಟುವುದೂ ಚಲನೆಗೇ. ಪಂಜು ಹಿಡಿದು ಮಾಡುವ ಪಟ್ಟುಗಳಿಗೆ ಬೀಳುವ ಶಿಳ್ಳೆಯ ಕಾಲುಭಾಗವೂ ಆ ಹೊಟ್ಟೆಯೂರಿದ ಹುಡುಗನಿಗೆ ಬೀಳಲಿಲ್ಲ. ಬೆಂಕಿ ಬೇಡವೆಂದಲ್ಲ. ಆದರೆ ನಡುವೆ ಒಂದು ನಿಮಿಷ ಸಂಗೀತ ನಿಲ್ಲಿಸಿ ಬರಿಯ ಬಿಳಿ ದೀಪದಲ್ಲಿ ತೋರಿಸುವ ಧೈರ್ಯ ಮಾಡಬಹುದು. ಆಟಕ್ಕೆ ಆ ಕಸುವಿದೆ.

ಹಿಂದಿರುಗುವಾಗ ಕಾರಿನಲ್ಲಿ ಮೇಸ್ತ್ರಿಯದು ಒಂದು ಪ್ರಶ್ನೆ: “ಇದ್ರಿಂದ ಮುಂದೆ ಹೊಟ್ಟೆಪಾಡು ಆಗುತ್ತಾ ಮೇಷ್ಟ್ರೇ?” ಖೇಲೋ ಇಂಡಿಯಾ ಕ್ರೀಡಾಕೂಟಕ್ಕೆ ಇದು ಸೇರಿದೆ, 2020ರಿಂದ ಕೇಂದ್ರ ಸರ್ಕಾರದ ಕ್ರೀಡಾ ಕೋಟಾದ ಪಟ್ಟಿಯಲ್ಲೂ ಇದೆ ಎಂದೆ. ಅವರಿಗೆ ಅರ್ಧ ಸಮಾಧಾನವಾಯಿತು. ಹುಡುಗಿಯರಿಗೂ ಉಂಟಾ ಎಂದು ಕೇಳಿದರು. ಅವರ ಮನೆಯಲ್ಲಿ ಎಂಟನೇ ತರಗತಿಯ ಮೊಮ್ಮಗಳಿದ್ದಾಳೆ. ಹುಡುಗಿಯರು ಹಗ್ಗದಲ್ಲಿ ಮುಂದು ಎಂದು ಹೇಳಿ, ಹದಿನೆಂಟು ಅಡಿ ಹತ್ತಿಯ ಹಗ್ಗ, ಗಟ್ಟಿಯಾದ ತೊಲೆ, ಕೆಳಗೆ ಹಾಸಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಬಲ್ಲ ಗುರು ಬೇಕು ಎಂದು ಸೇರಿಸಿದೆ. ಹಗ್ಗ, ತೊಲೆ ನಮ್ಮೂರಲ್ಲೇ ಸಿಗುತ್ತವೆ, ಗುರುವನ್ನು ಮಾತ್ರ ಲಕ್ಷ್ಮೇಶ್ವರದಿಂದ ಕರೆಸಬೇಕು ಎಂದು ಅವರು ಲೆಕ್ಕ ಹಾಕತೊಡಗಿದರು. ಕೊಟ್ಟಿಗೆಹಾರ ಬರುವ ಹೊತ್ತಿಗೆ ಆ ಗುರುವಿಗೆ ಯಾರ ಮನೆಯಲ್ಲಿ ಊಟ, ಯಾರ ತೋಟದ ಲೈನಿನಲ್ಲಿ ವಸತಿ ಎಂಬುದೂ ತೀರ್ಮಾನವಾಗಿತ್ತು.